ಶೋಧಯಂತ್ರದ ನಿಯಮಗಳೂ ಸಿದ್ದಾಪುರದ ಚರಿತ್ರೆಯೂ

ಕೊಡಗಿನ ಸಿದ್ದಾಪುರವನ್ನು ಕುರಿತು ವಿದ್ಯಾರ್ಥಿಗಳು ಬರೆದ ಸ್ಥಳಚರಿತ್ರೆಯ ಪ್ರಬಂಧಗಳನ್ನು ಪರಿಶೀಲಿಸುತ್ತಿದ್ದಾಗ, ಅವುಗಳಲ್ಲೊಂದರಲ್ಲಿ, ಈ ಊರಿನಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆಯೆಂಬ ವಾಕ್ಯವನ್ನು ಕಂಡು ನಾವು ಚಕಿತರಾದೆವು. ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿದ್ದು, ಆ ಸಿದ್ದಾಪುರವು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಸೇರಿದುದೆಂಬುದು ವಿದಿತವೇ ಆಗಿದೆ. ಆದರೆ ಈ ತಪ್ಪು ಅಸಹಜವಾದುದೇನೂ ಅಲ್ಲ. ಕೊಡಗಿನಲ್ಲಿಯೂ ಒಂದು ಸಿದ್ದಾಪುರವುಂಟು. ತಲಕಾವೇರಿಯ ಬೆಟ್ಟಕ್ಕೂ ಬ್ರಹ್ಮಗಿರಿಯೆಂದೇ ಹೆಸರು. ಕೊಡಗಿನ ಶಾಸನಗಳನ್ನು ೧೮೮೬ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲನೆಯ ಸಂಪುಟವಾಗಿ ಹೊರತಂದವರೂ ರೈಸ್ ಅವರೇ. ಇಷ್ಟೆಲ್ಲ ಹೆಸರುಗಳು ಒಂದೆಡೆ ಕೂಡಿಬಂದರೆ ಎಚ್ಚರ ತಪ್ಪುವುದು ಸುಲಭ. ಆಕರವೇನೆಂದು ವಿಚಾರಿಸಲಾಗಿ, ಶೋಧಯಂತ್ರದಲ್ಲಿ ಊರ ಹೆಸರನ್ನು ಕೊಟ್ಟು ಹುಡುಕಿದಾಗ ಮೇಲೆ ಬಂದ ಪುಟವೊಂದರಲ್ಲಿ ಹಾಗಿತ್ತೆಂದು ಉತ್ತರ ಬಂದಿತು.

ಆ ಪುಟವನ್ನು ನಾವೂ ಓದಿದೆವು. ಬರೆದವರ ಹೆಸರಿಲ್ಲ, ತಾರೀಖಿಲ್ಲ, ಆಕರದ ಸೂಚನೆಯಿಲ್ಲ. ಮಡಿಕೇರಿಯಿಂದ ದೂರವೆಷ್ಟು, ತಂಗಲು ಹೋಮ್‌ಸ್ಟೇಗಳೆಲ್ಲಿ, ನೋಡತಕ್ಕ ಸ್ಥಳಗಳಾವುವು ಎಂಬ ವಿವರಗಳ ನಡುವೆ ‘ಚರಿತ್ರೆ’ ಎಂಬ ತಲೆಬರಹದ ಕೆಳಗೆ ನಾಲ್ಕಾರು ವಾಕ್ಯಗಳು. ಊರ ಹೆಸರು ಮಾತ್ರ ಪ್ರತಿಯೊಂದು ವಾಕ್ಯದಲ್ಲಿಯೂ ಪುನರುಕ್ತವಾಗಿತ್ತು. ಹಳೆಯ ಓಲೆಯ ಪ್ರತಿಯೊಂದರಲ್ಲಿ ದೋಷ ಕಂಡಾಗ, ಲಿಪಿಕಾರನ ಮುಂದೆ ಯಾವ ಪ್ರತಿಯಿದ್ದಿತು, ಆತನು ಯಾರಿಗಾಗಿ ಬರೆದನು ಎಂದು ಸಂಪಾದಕರು ಕೇಳುವುದುಂಟು. ಅದೇ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ದೊರೆಯುವ ಉತ್ತರ ವಿಚಿತ್ರವಾದುದು. ಈ ಪುಟವು ಓದುಗನಿಗಾಗಿ ಬರೆದುದಲ್ಲ. ಪುಟಗಳ ಮೇಲುಕೀಳನ್ನು ನಿರ್ಣಯಿಸುವ ಯಂತ್ರಕ್ಕಾಗಿ ಬರೆದುದು. ಆ ಯಂತ್ರವು ಅನುಸರಿಸುವ, ಅಲ್ಗಾರಿದಮ್ ಎಂದು ಕರೆಯಲ್ಪಡುವ ನಿಯಮಸಮೂಹವು ಬದಲಾದಂತೆಲ್ಲ ಬರಹದ ಗುಣ ಹೇಗೆ ಬದಲಾಯಿತು, ಅದರಿಂದ ಕನ್ನಡಕ್ಕೆ ಒದಗಿದುದೇನು ಎಂಬುದನ್ನು ಇಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

೧೯೯೮ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ಎಂಬ ಸಂಶೋಧನ ವಿದ್ಯಾರ್ಥಿಗಳು ತಮ್ಮ ಶೋಧಯಂತ್ರದ ರಚನೆಯನ್ನು ಒಂದು ಪ್ರಬಂಧದಲ್ಲಿ ವಿವರಿಸಿದರು; ಗೂಗಲ್ ಸಂಸ್ಥೆಯ ಸ್ಥಾಪನೆಯೂ ಅದೇ ವರ್ಷದಲ್ಲಿ ಆಯಿತು. ಒಂದು ಪುಟಕ್ಕೆ ಎಷ್ಟು ಪುಟಗಳು ಕೊಂಡಿ ಹಾಕಿವೆ, ಹಾಗೆ ಹಾಕಿದ ಪುಟಗಳ ಯೋಗ್ಯತೆಯೆಷ್ಟು ಎಂಬುದರಿಂದ ಆ ಪುಟದ ಸ್ಥಾನವನ್ನು ನಿಶ್ಚಯಿಸುವುದು ಅವರ ಮುಖ್ಯ ಉಪಾಯ. ವಿದ್ವತ್ ಪತ್ರಿಕೆಗಳಲ್ಲಿ ಯಾರು ಯಾರನ್ನು ಉಲ್ಲೇಖಿಸುತ್ತಾರೆಂಬುದನ್ನು ನೋಡಿ ಗ್ರಂಥದ ಮನ್ನಣೆಯನ್ನು ಅಳೆಯುವ ಕ್ರಮಕ್ಕೆ ಇದು ಸಮೀಪವಾದುದು. ಜಾಹೀರಾತಿನ ಹಣದಿಂದ ನಡೆಯುವ ಶೋಧಯಂತ್ರವು ಜಾಹೀರಾತುದಾರರ ಕಡೆಗೆ ವಾಲುವುದು ಸಹಜವೆಂದು ಆ ಪ್ರಬಂಧದಲ್ಲಿಯೇ ಅವರು ಎಚ್ಚರಿಸಿದ್ದರೆಂಬುದನ್ನು ಇಲ್ಲಿ ನೆನೆಯದೆ ಇರಲಾಗದು. ಮುಂದೆ ಅವರ ಸಂಸ್ಥೆ ಬೆಳೆದುದು ಜಾಹೀರಾತಿನಿಂದಲೇ.

ಮೊದಲ ಸಾಲಿನಲ್ಲಿ ಬಂದ ಪುಟಕ್ಕೆ ಓದುಗರು, ಓದುಗರಿಂದ ಜಾಹೀರಾತಿನ ವರಮಾನ. ಹೀಗಿರಲಾಗಿ ಅಳತೆಗೋಲಿಗೆ ತಕ್ಕಂತೆ ಬರೆಯುವ ಉದ್ಯಮವೇ ಹುಟ್ಟಿಕೊಂಡಿತು. ಜನರು ಏನನ್ನು ಹುಡುಕುತ್ತಾರೆಂದು ಲೆಕ್ಕಹಾಕಿ, ಅಲ್ಪ ಸಂಬಳಕ್ಕೆ ದಿನಕ್ಕೆ ಸಾವಿರಾರು ಲೇಖನಗಳನ್ನು ಬರೆಯಿಸುವ ತಾಣಗಳು ಅಮೆರಿಕದಲ್ಲಿ ತಲೆಯೆತ್ತಿದುವು. ಇವುಗಳನ್ನು ತಡೆಯಲು ೨೦೧೧ರ ಫೆಬ್ರವರಿಯಲ್ಲಿ ‘ಪಾಂಡ’ ಎಂಬ ಹೆಸರಿನ ಬದಲಾವಣೆ ಜಾರಿಗೆ ಬಂದಿತು. ಅಮೆರಿಕದ ಶೋಧಗಳಲ್ಲಿ ಶೇಕಡ ೧೧.೮ರಷ್ಟರ ಮೇಲೆ ಅದರ ಪರಿಣಾಮವುಂಟೆಂದು ಸಂಸ್ಥೆಯು ತಿಳಿಸಿತು. ೨೦೧೨ರ ಏಪ್ರಿಲ್‌ನಲ್ಲಿ ಬಂದ ‘ಪೆಂಗ್ವಿನ್’, ಕೊಂಡಿಗಳನ್ನು ಕೃತಕವಾಗಿ ಹೆಣೆಯುವವರನ್ನು ದಂಡಿಸಿತು. ಟೊಳ್ಳು ಲೇಖನಗಳ ಅನೇಕ ತಾಣಗಳು ಇವುಗಳಿಂದ ಕುಸಿದುವೆಂಬುದರಲ್ಲಿ ಸಂಶಯವಿಲ್ಲ. ಪಾಂಡವು ಇಂಗ್ಲಿಷಿನಿಂದ ಆಚೆಗೆ, ಚೀನೀ, ಜಪಾನೀ, ಕೊರಿಯನ್ ಹೊರತಾಗಿ ಉಳಿದ ಭಾಷೆಗಳಿಗೆ ವಿಸ್ತರಿಸಿದುದು ೨೦೧೧ರ ಆಗಸ್ಟಿನಲ್ಲಿ.

ಆದರೆ ಕನ್ನಡದ ಸ್ಥಿತಿಯೇ ಬೇರೆಯಾಗಿದ್ದಿತು. ಕನ್ನಡ ಲಿಪಿಯು ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ, ಎಂದರೆ ೧೯೯೧ರಲ್ಲಿಯೇ, ಸ್ಥಾನ ಪಡೆದಿದ್ದರೂ ನಮ್ಮ ಅನೇಕ ತಾಣಗಳು ಬಹುಕಾಲ ತಮ್ಮ ತಮ್ಮ ಫಾಂಟುಗಳ ಸಂಕೇತಗಳಲ್ಲಿಯೇ ಪ್ರಕಟವಾಗುತ್ತಿದ್ದುವು. ಅಂತಹ ಪುಟ ಕಣ್ಣಿಗೆ ಕನ್ನಡ; ಯಂತ್ರಕ್ಕೆ ಮಾತ್ರ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಒಳ್ಳೆಯ ಲೇಖನವೂ ಕೆಟ್ಟ ಲೇಖನವೂ ಅಲ್ಲಿ ಸಮಾನವಾಗಿ ಅದೃಶ್ಯ. ಎಂದಮೇಲೆ ನಮ್ಮ ಕೊರತೆ ಮೊದಲಿಗೆ ಗುಣದ ಕೊರತೆಯಾಗಿರಲಿಲ್ಲ, ಕಾಣಬಲ್ಲ ಬರಹದ ಕೊರತೆಯಾಗಿದ್ದಿತು. ಇದನ್ನು ತುಂಬಲು ಗೂಗಲ್ ೨೦೦೮ರಿಂದ ಮೊದಲು ಹಿಂದಿಯಲ್ಲಿಯೂ ಅನಂತರ ಕನ್ನಡವೂ ಸೇರಿದಂತೆ ಇತರ ಕೆಲವು ಭಾಷೆಗಳಲ್ಲಿಯೂ ವಿಕಿಪೀಡಿಯದ ಲೇಖನಗಳ ಅನುವಾದವನ್ನು ನಡೆಯಿಸಿತು. ಯಾವ ಲೇಖನಗಳನ್ನು ಅನುವಾದಿಸಬೇಕೆಂಬುದನ್ನು ನಿಶ್ಚಯಿಸಿದುದು ಶೋಧದ ಅಂಕಿಗಳು. ಇಂಗ್ಲಿಷಿನಲ್ಲಿ ಹುಡುಕುವವರ ಅಭಿರುಚಿಯು ಕನ್ನಡ ವಿಶ್ವಕೋಶದ ವಿಷಯಸೂಚಿಯಾಯಿತು. ಭಾಷೆಯೋ ಯಂತ್ರದ ನೆರವಿನಿಂದ ಬಂದ ಬಿಗಿಯಾದ ಭಾಷೆ. ಲೇಖನಗಳ ಸಂಖ್ಯೆ ಹೆಚ್ಚಿತು, ಓದಲು ಯೋಗ್ಯವಾದುವು ಆ ಪ್ರಮಾಣದಲ್ಲಿ ಹೆಚ್ಚಲಿಲ್ಲವೆಂಬುದೇ ನಮ್ಮ ಅಭಿಪ್ರಾಯ.

ಈ ಕೊರತೆಯ ಫಲವನ್ನು ಕನ್ನಡಿಗರೆಲ್ಲರೂ ಒಮ್ಮೆಗೇ ಕಂಡುದು ೨೦೨೧ರ ಜೂನ್‌ನಲ್ಲಿ. ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರೆ ಶೋಧಯಂತ್ರವು ಎಲ್ಲಕ್ಕಿಂತ ಮೇಲಿನ ಚೌಕದಲ್ಲಿ ಕನ್ನಡವೆಂದು ಉತ್ತರಿಸುತ್ತಿದ್ದಿತು. ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ಕಾನೂನು ಕ್ರಮದ ಮಾತನ್ನಾಡಿದರು. ಸಂಸ್ಥೆಯು ಕ್ಷಮೆ ಯಾಚಿಸಿ, ಆ ಉತ್ತರವನ್ನು ತೆಗೆದುಹಾಕಿತು. ಕೋಪವು ನ್ಯಾಯವಾದುದೇ. ಆದರೆ ಆ ಉತ್ತರ ಬಂದುದೆಲ್ಲಿಂದ ಎಂಬ ಪ್ರಶ್ನೆಯು ನಮಗೆ ಹೆಚ್ಚು ಮುಖ್ಯವಾದುದು. ಅದರ ಆಕರ, ಭಾಷಾಶಾಸ್ತ್ರದ ಗಂಧವೂ ಇಲ್ಲದ, ಸಾಲ ತೀರಿಸುವ ವಿಷಯದ ಹೆಸರನ್ನು ಹೊತ್ತ ಒಂದು ತಾಣ! ಅಂತಹ ಪ್ರಶ್ನೆಗೆ ಯೋಗ್ಯನಾದವನು ಉತ್ತರ ಬರೆಯುವುದಿಲ್ಲ. ಬರೆದವನೊಬ್ಬನೇ ಇದ್ದುದರಿಂದ ಯಂತ್ರವು ಅವನನ್ನೇ ಪೀಠಕ್ಕೇರಿಸಿತು. ಒಳ್ಳೆಯ ಬರಹವಿಲ್ಲದ ಇಂತಹ ಎಡೆಗಳನ್ನು ಮೈಕೇಲ್ ಗೊಲೆಬಿಯೌಸ್ಕಿ ಮತ್ತು ಡ್ಯಾನಾ ಬಾಯ್ಡ್ ಅವರು ೨೦೧೮ರಲ್ಲಿ ಮಾಹಿತಿಯ ಶೂನ್ಯಗಳೆಂದು ಕರೆದು, ಅವು ಹೇಗೆ ದುರುಪಯೋಗಕ್ಕೆ ಈಡಾಗುತ್ತವೆಂದು ತೋರಿಸಿದ್ದಾರೆ. ಸಿದ್ದಾಪುರದಂತಹ ಊರುಗಳ ಚರಿತ್ರೆ ಅಂತಹುದೇ ಒಂದು ಶೂನ್ಯ.

ಅನಂತರದ ಬದಲಾವಣೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ೨೦೨೨ರ ಆಗಸ್ಟಿನಲ್ಲಿ, ಓದುಗನಿಗೆ ಉಪಯುಕ್ತವಾದ ಬರಹವನ್ನು ಎತ್ತಿಹಿಡಿಯುವ ಉದ್ದೇಶದ ನಿಯಮ ಬಂದಿತು. ಅದು ಮೊದಲು ಇಂಗ್ಲಿಷಿಗೆ ಮಾತ್ರ, ಎಲ್ಲ ಭಾಷೆಗಳಿಗೆ ಅನ್ವಯವಾದುದು ಡಿಸೆಂಬರಿನಲ್ಲಿ. ೨೦೨೩ರ ಸೆಪ್ಟೆಂಬರಿನ ಪರಿಷ್ಕರಣದ ಅನಂತರ, ಪ್ರಾಮಾಣಿಕವಾಗಿ ಬರೆಯುತ್ತಿದ್ದ ತಮ್ಮ ಸಣ್ಣ ತಾಣಗಳೂ ಕೆಳಗಿಳಿದುವೆಂದು ಅನೇಕರು ದೂರಿದರು. ೨೦೨೪ರ ಮಾರ್ಚ್‌ನಲ್ಲಿ ಯಂತ್ರದಿಂದಲೋ ಕೂಲಿಯಿಂದಲೋ ರಾಶಿರಾಶಿಯಾಗಿ ತಯಾರಾಗುವ ಬರಹದ ವಿರುದ್ಧ ಹೊಸ ಕಟ್ಟಳೆಗಳಾದುವು; ಅವುಗಳಿಂದ ಸ್ವಂತಿಕೆಯಿಲ್ಲದ, ಕಳಪೆ ಬರಹವು ಶೋಧಫಲಗಳಲ್ಲಿ ಶೇಕಡ ೪೫ರಷ್ಟು ತಗ್ಗಿತೆಂದು ಸಂಸ್ಥೆಯೇ ಹೇಳಿಕೊಂಡಿದೆ. ತೂಗುವವನೇ ತನ್ನ ತಕ್ಕಡಿಯನ್ನು ಹೊಗಳುವಾಗ ಸ್ವಲ್ಪ ಎಚ್ಚರದಿಂದ ಕೇಳಬೇಕು. ಅದಂತಿರಲಿ; ಈ ಅಂಕಿಯನ್ನು ಒಪ್ಪಿದರೂ, ನಿಯಮವು ಕಳಪೆಯನ್ನು ಕೆಳಕ್ಕೆ ತಳ್ಳಬಲ್ಲದೇ ಹೊರತು, ಅದರ ಸ್ಥಳದಲ್ಲಿ ಇಡಲು ಇನ್ನೊಂದನ್ನು ತಾನೇ ಬರೆಯಲಾರದು. ಇಂಗ್ಲಿಷಿನಲ್ಲಿ ಒಂದು ಪುಟ ಕೆಳಗಿಳಿದರೆ ಅದರ ಹಿಂದೆ ಹತ್ತು ಉತ್ತಮ ಪುಟಗಳು ಕಾದಿರುತ್ತವೆ. ಸಿದ್ದಾಪುರದ ಚರಿತ್ರೆಯಲ್ಲಿ ಹಿಂದೆ ಕಾದಿರುವುದು ಅದೇ ತಪ್ಪಿನ ಇನ್ನೊಂದು ನಕಲು, ಇಲ್ಲವೆ ಉತ್ತರ ಕನ್ನಡದ ಸಿದ್ದಾಪುರ, ಅದೂ ಅಲ್ಲವಾದರೆ ಕುಂದಾಪುರದ ಕಡೆಯ ಸಿದ್ದಾಪುರ.

ಆಕರಗಳೇ ಇಲ್ಲವೆಂದಲ್ಲ. ರೈಸ್ ಅವರ ಸಂಪುಟದಲ್ಲಿ ಪೆಗ್ಗೂರಿನ ಶಾಸನವುಂಟು. ಗಂಗ ರಾಚಮಲ್ಲನ ಕಾಲದ, ಶಕವರ್ಷ ೮೯೯ರ ಆ ಕನ್ನಡ ಶಾಸನವು ಶ್ರವಣಬೆಳಗೊಳದ ಅನಂತವೀರ್ಯನಿಗೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ರಿಕ್ಟರ್ ಅವರು ೧೮೭೦ರಲ್ಲಿ ಬರೆದ ಕೊಡಗಿನ ಕೈಪಿಡಿಯುಂಟು. ಇಂತಹ ಗ್ರಂಥಗಳು ಜಾಲದಲ್ಲಿ ದೊರೆತರೂ ಪುಟಗಳ ಛಾಯಾಚಿತ್ರಗಳಾಗಿ ದೊರೆಯುತ್ತವೆ; ಅವುಗಳೊಳಗಿನ ಕನ್ನಡವನ್ನು ಯಂತ್ರವು ಓದುವುದು ಅರೆಬರೆಯಾಗಿ. ಕಾಫಿ ತೋಟಗಳ ಲೆಕ್ಕದ ಪುಸ್ತಕಗಳು, ಕೊಡವ, ಯರವ, ಕುರುಬ, ಮಲಯಾಳಿ ಮನೆಗಳ ಹಿರಿಯರ ನೆನಪುಗಳು ಅಷ್ಟೂ ದೊರೆಯುವುದಿಲ್ಲ.

ಆ ವಿದ್ಯಾರ್ಥಿಯು ತನ್ನ ಪ್ರಬಂಧದಿಂದ ಅಶೋಕನನ್ನು ತೆಗೆದುಹಾಕಿದ್ದಾನೆ. ತೆರವಾದ ಎಡೆಯಲ್ಲಿ, ೨೦೧೯ರ ಆಗಸ್ಟಿನಲ್ಲಿ ಕಾವೇರಿಯ ನೆರೆಯು ಸಿದ್ದಾಪುರದ ಬಳಿಯ ಕರಡಿಗೋಡು, ಗುಹ್ಯಗಳನ್ನು ಹೊಕ್ಕಾಗ ನೀರು ತನ್ನ ನೆಂಟರ ಮನೆಯ ಗೋಡೆಯಲ್ಲಿ ಎಲ್ಲಿಯವರೆಗೆ ಏರಿದ್ದಿತೆಂಬುದನ್ನು, ಉಳಿದಿರುವ ಕಲೆಯನ್ನು ಅಳೆದು, ಅಳೆದ ದಿನವನ್ನೂ ಮನೆಯವರ ಮಾತನ್ನೂ ಸೇರಿಸಿ ಬರೆದಿದ್ದಾನೆ. ಪ್ರಬಂಧವು ವಿಭಾಗದ ಕಪಾಟಿನಲ್ಲಿದೆ. ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿಸುವ ಕೆಲಸ ಇನ್ನೂ ಮುಗಿದಿಲ್ಲ.