ಬೆಳಕೂ ಅಯಸ್ಕಾಂತವೂ ಜೊತೆಯಾದ ಕಥೆ

ಮುರಗಾಂವ ಬಂದರಿನಲ್ಲಿ ಪುಟ್ಟ ಟಗ್ ದೋಣಿ ದೊಡ್ಡ ಹಡಗನ್ನು ಎಳೆಯುವುದು ಸಡಾದ ನಮಗೆ ಹೊಸದಲ್ಲ. ದೇಹದೊಳಗೂ ಅಂಥ ದೋಣಿ ಓಡೀತೇ?

1959ರಲ್ಲಿ ವಿಜ್ಞಾನಿ ರಿಚರ್ಡ್ ಫೈನ್‌ಮನ್, ನುಂಗಬಹುದಾದ ಶಸ್ತ್ರವೈದ್ಯ ಯಂತ್ರದ ಮಾತಾಡಿದರು. ಅದು ಗೆಳೆಯ ಆಲ್ಬರ್ಟ್ ಹಿಬ್ಸ್ ಅವರ ಕಲ್ಪನೆ ಎಂದೂ ಹೇಳಿದರು. 2004ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಚಿನ್ನ-ಪ್ಲಾಟಿನಂನ ಅತಿಸಣ್ಣ ಕಡ್ಡಿಗಳು ಈಜಿದವು. ಆದರೆ ಅವುಗಳ ಇಂಧನ ಹೈಡ್ರೋಜನ್ ಪೆರಾಕ್ಸೈಡ್. ಅದು ಜೀವಕೋಶಗಳಿಗೆ ಹಾನಿಕರ. ಬೆಳಕಿನಿಂದ ಓಡಿಸೋಣವೆಂದರೆ, ಅದು ಮಾಂಸದೊಳಗೆ ಹೆಚ್ಚು ಆಳ ಇಳಿಯದು. ಅಯಸ್ಕಾಂತದ ಬಲಕ್ಕೆ ಆ ತಡೆಯಿಲ್ಲ.

2009ರಲ್ಲಿ ಅಂಬರೀಶ್ ಘೋಷ್ ಮತ್ತು ಪೀರ್ ಫಿಷರ್, ತಿರುಪಿನಂಥ ನ್ಯಾನೋ ದೋಣಿಗಳನ್ನು ಅಯಸ್ಕಾಂತ ಕ್ಷೇತ್ರದಿಂದ ನಡೆಸಿ ತೋರಿಸಿದರು. ಘೋಷ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿದರು. 2018ರಲ್ಲಿ ಅಲ್ಲಿ ಎರಡೂ ಶಕ್ತಿಗಳು ಜೊತೆಯಾದವು: ದೋಣಿಯನ್ನು ನಡೆಸಿದ್ದು ಅಯಸ್ಕಾಂತ, ಅದರ ಮೇಲಿನ ಲೋಹದ ಕಣಗಳು ಲೇಸರ್ ಬೆಳಕಿನಲ್ಲಿ ಚಿಮಟದಂತೆ ಬ್ಯಾಕ್ಟೀರಿಯಾದಂಥ ಸಣ್ಣ ವಸ್ತುಗಳನ್ನು ಹಿಡಿದು, ಒಯ್ದು, ಬಿಟ್ಟವು.

ಇದು ನಡೆದದ್ದು ಪ್ರಯೋಗಾಲಯದ ದ್ರವದಲ್ಲಿ, ರೋಗಿಯ ದೇಹದಲ್ಲಲ್ಲ. ಮನೆಯಲ್ಲಿ ಕಾಯಿಲೆಯವರಿದ್ದರೆ ಆಸೆ ಬೇಗ ಹುಟ್ಟುತ್ತದೆ. ಆದ್ದರಿಂದ ವಾಟ್ಸಾಪ್‌ನಲ್ಲಿ "ನ್ಯಾನೋ ರೋಬೋ ಚಿಕಿತ್ಸೆ" ಎಂದು ಬಂದರೆ, ದುಡ್ಡು ಕೊಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಒಂದು ಕಲ್ಪನೆ ಇಷ್ಟು ದೂರ ಬರಲು ಸುಮಾರು ಅರವತ್ತು ವರ್ಷ ಬೇಕಾಯಿತು. ಉಳಿದ ದಾರಿಗೂ ತಾಳ್ಮೆ ಬೇಕು.