ಮೀಟರ್ 80 ಅಂತಿತ್ತು, ಚಲನ್ 86 ಅಂತು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಇಲ್ಲಿದೆ ಬರಹ ರೂಪ.

ಕೆಲಸಕ್ಕೆ ಅಂತ ಮುಂಬೈಗೆ ಬಂದ ಮೇಲೆ ನಾನೊಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಊರಿಂದ ಬಂದಿದ್ದ ಭಾವ ಒಂದು ಭಾನುವಾರ ಅದನ್ನ ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೆ ಓಡಿಸಿದ್ರು. ಅಲ್ಲಿನ ಮಿತಿ ಗಂಟೆಗೆ 80 ಕಿ.ಮೀ. ಆಮೇಲೆ ನನ್ನ ಮೊಬೈಲಿಗೆ ಇ-ಚಲನ್ ಬಂತು: ವೇಗ 86. ಫೋನ್ ಮಾಡಿದ್ರೆ ಭಾವ, "ಮುಳ್ಳು 80 ದಾಟಿಲ್ಲ ಕಣೋ, ಆಣೆ" ಅಂದ್ರು. ನಾನು ನಂಬಲಿಲ್ಲ. ಸ್ವಲ್ಪ ಖಾರವಾಗೇ ಮಾತಾಡಿದೆ.

ಈ ಜಗಳ ಮೋಟಾರು ಕಾರಿನಷ್ಟೇ ಹಳೆಯದು. 1896ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ವಾಲ್ಟರ್ ಆರ್ನಾಲ್ಡ್ ಎಂಬಾತ ಗಂಟೆಗೆ 2 ಮೈಲಿ ಮಿತಿಯಿದ್ದ ಕಡೆ 8 ಮೈಲಿ ವೇಗದಲ್ಲಿ ಹೋದ. ಪೊಲೀಸಪ್ಪ ಸೈಕಲ್ ತುಳಿದು ಹಿಡಿದ! ದಂಡ ಒಂದು ಶಿಲ್ಲಿಂಗ್, ಜೊತೆಗೆ ಕೋರ್ಟ್ ಖರ್ಚು. ಇನ್ನು ಜರ್ಮನಿಯ ಒಟ್ಟೊ ಶುಲ್ಜೆ ಸ್ಪೀಡೋಮೀಟರಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ. ಚಕ್ರದ ಜೊತೆ ತಿರುಗುವ ಅಯಸ್ಕಾಂತ ಒಂದು ಲೋಹದ ಬಟ್ಟಲನ್ನು ಎಳೆಯುತ್ತೆ, ಸ್ಪ್ರಿಂಗ್ ತಡೆಯುತ್ತೆ, ಮುಳ್ಳು ನಡುವೆ ನಿಲ್ಲುತ್ತೆ. ಇಷ್ಟೇ ಅದರ ಗುಟ್ಟು.

ನಮ್ಮಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮೋಟಾರು ಕಾಯ್ದೆ ಬಂದದ್ದು 1914ರಲ್ಲಿ. ಆಮೇಲೆ 1939ರದ್ದು, ಈಗಿರೋದು 1988ರದ್ದು. ಇದರ 183ನೇ ಕಲಮಿನಲ್ಲಿ ಒಂದು ಒಳ್ಳೆ ಮಾತಿದೆ: "ಜೋರಾಗಿ ಹೋದ ಅಂತ ನನಗನ್ನಿಸಿತು" ಅಂತ ಒಬ್ಬನೇ ಸಾಕ್ಷಿ ಹೇಳಿದರೆ ಶಿಕ್ಷೆ ಕೊಡುವಂತಿಲ್ಲ, ಅಳತೆಗೆ ಯಂತ್ರದ ಆಧಾರ ಇರಬೇಕು. 2019ರ ತಿದ್ದುಪಡಿ ಕಾರಿನ ಅತಿವೇಗದ ದಂಡವನ್ನು ಕನಿಷ್ಠ 1,000, ಗರಿಷ್ಠ 2,000 ರೂಪಾಯಿಗೆ ಏರಿಸಿತು. 2021ರಲ್ಲಿ ಬಂದ 167ಎ ನಿಯಮ ಕ್ಯಾಮೆರಾಗೂ ಕಡಿವಾಣ ಹಾಕಿತು: ಅದಕ್ಕೆ ಪ್ರತಿ ವರ್ಷ ನವೀಕರಿಸುವ ಅನುಮೋದನೆ ಪತ್ರ ಬೇಕು, ಕ್ಯಾಮೆರಾ ಇದೆ ಅಂತ ಎಚ್ಚರಿಕೆ ಫಲಕವೂ ಬೇಕು.

ಹಾಗಾದ್ರೆ ಕಾರಿನ ಮೀಟರ್? ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 39ನೇ ನಿಯಮದ ಪ್ರಕಾರ ಅದು ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸಲೇಬಾರದು. ಹೆಚ್ಚು ತೋರಿಸಬಹುದು, ಶೇ. 10 ಪ್ಲಸ್ 4 ಕಿ.ಮೀ. ತನಕ. ಅಂದ್ರೆ ನಿಜವಾಗಿ 80ರಲ್ಲಿ ಹೋಗುವಾಗ ಮೀಟರ್ 92ರವರೆಗೂ ತೋರಿಸಬಹುದು. ಆದ್ದರಿಂದ "ಮೀಟರ್ ಕೆಟ್ಟಿತ್ತು ಸಾರ್" ಅನ್ನೋ ನೆಪ ಸಾಮಾನ್ಯವಾಗಿ ನಡೆಯಲ್ಲ. ತಪ್ಪಿದರೂ ಅದು ಚಾಲಕನ ಪರವಾಗೇ ತಪ್ಪುತ್ತೆ.

ಹಾಗಿದ್ರೂ ಭಾವನ ಮಾತು ತಲೇಲಿ ಕೊರೀತಾ ಇತ್ತು. ಪುಣೆಗೆ ಹೋಗುವಾಗ ಎಕ್ಸ್‌ಪ್ರೆಸ್‌ವೇಯಲ್ಲಿ ಹೆಂಡತಿ ಫೋನಿನ ಜಿಪಿಎಸ್ ನೋಡ್ತಾ ಕೂತ್ಲು. ಮೀಟರ್ 80 ಅಂದಾಗ ಜಿಪಿಎಸ್ 85! ಕಾರು ನಿಲ್ಲಿಸಿ ಬಾಗಿಲ ಪಕ್ಕದ ಚೀಟಿ ನೋಡಿದೆ. ಅದರಲ್ಲಿದ್ದ ಟೈರ್ ಅಳತೆ ಬೇರೆ, ಚಕ್ರದಲ್ಲಿದ್ದದ್ದು ಬೇರೆ. ಹಿಂದಿನ ಮಾಲೀಕರು ಚೆಂದಕ್ಕೆ ಅಂತ ದೊಡ್ಡ ಟೈರ್ ಹಾಕಿಸಿದ್ರು. ಮೀಟರ್ ಎಣಿಸೋದು ಚಕ್ರದ ಸುತ್ತು, ರಸ್ತೆಯನ್ನಲ್ಲ. ಟೈರ್ ದೊಡ್ಡದಾದರೆ ಅದೇ ಸುತ್ತಿಗೆ ಹೆಚ್ಚು ದೂರ, ಅಂದ್ರೆ ಹೆಚ್ಚು ವೇಗ. ಪಾಪ, ಮೀಟರಿಗೆ ಅದು ಗೊತ್ತಾಗಲ್ಲ.

ದಂಡ ನಾನೇ ಕಟ್ಟಿದೆ. ಕ್ಯಾಮೆರಾ ಸರಿ ಇತ್ತು, ಭಾವನೂ ಸರಿ ಇದ್ರು. ತಪ್ಪು ನನ್ನದು: ಕಾರು ತಗೊಳ್ಳುವಾಗ ಟೈರ್ ನೋಡದೆ, ಅದೇ ಕೀಲಿಯನ್ನ ಇನ್ನೊಬ್ಬರ ಕೈಗೆ ಕೊಟ್ಟವನು ನಾನು. ಭಾವನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ಮೊದ್ಲು ಟೈರ್ ಬದಲಾಯ್ಸೋ" ಅಂದ್ರು.

ಬದಲಾಯಿಸಿದೆ. ನೀವೂ ಹಳೇ ಕಾರು ತಗೊಂಡಿದ್ರೆ, ಬಾಗಿಲ ಪಕ್ಕದ ಆ ಚೀಟಿಯನ್ನ ಇವತ್ತೇ ಒಮ್ಮೆ ಓದಿಬಿಡಿ. ಮುಂದಿನ ವಾರ ಸಿಗೋಣ.