ಕ್ರೀಡಾ ತರಬೇತಿಯಲ್ಲಿ ಕ್ರೈಸ್ತ ಶ್ರದ್ಧೆ ಮತ್ತು ಶೀಲ

ಆಟ ಕಲಿಸುವ ಗುರು ಶಿಷ್ಯನ ನಡತೆಗೂ ಹೊಣೆಗಾರ ಎಂಬ ನಂಬಿಕೆಯನ್ನು ಕ್ರೈಸ್ತ ಬೋಧನೆಯ ಮೇಲೆ ಕಟ್ಟಿದ ತರಬೇತಿ ಪರಂಪರೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ವಸತಿ ಶಾಲೆಗಳಲ್ಲಿ ಇದು ರೂಪು ತಳೆಯಿತು. ಅಮೆರಿಕದ ವೈ.ಎಂ.ಸಿ.ಎ. (ಯುವಕರ ಕ್ರೈಸ್ತ ಸಂಘ) ಸಂಸ್ಥೆಗಳಲ್ಲಿ ಕ್ರಮಬದ್ಧ ವಿದ್ಯೆಯಾಯಿತು. 1920ರಲ್ಲಿ ಮದರಾಸಿನಲ್ಲಿ ಆರಂಭವಾದ ದೈಹಿಕ ಶಿಕ್ಷಣ ಶಾಲೆಯ ಮೂಲಕ ಭಾರತದ ಶಾಲಾ ಮೈದಾನಗಳಿಗೆ ಬಂತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಕ್ರೈಸ್ತರ ಸಂಖ್ಯೆ ಬಹಳ ಕಡಿಮೆ. ಆದರೂ ಅಲ್ಲಿನ ಹಳ್ಳಿ ಶಾಲೆಗಳ ವಾಲಿಬಾಲ್ ಅಂಕಣದ ಮೂಲವನ್ನು ಹುಡುಕುತ್ತ ಹೋದರೆ, ತರಬೇತಿ ಪಡೆದ ದೈಹಿಕ ಶಿಕ್ಷಣ ಶಿಕ್ಷಕ ಶಾಲೆಗೆ ಬಂದದ್ದು ಹೇಗೆಂದು ಕೇಳಿದರೆ, ಎರಡೂ ಈ ಪರಂಪರೆಗೇ ಹೋಗಿ ಸೇರುತ್ತವೆ. ಚರ್ಚು ಕಾಲಿಡದ ಊರಿಗೂ ಈ ತರಬೇತಿಯ ಫಲ ತಲುಪಿದ್ದು ಇದರ ಇತಿಹಾಸದಲ್ಲಿ ಎದ್ದು ಕಾಣುವ ಸಂಗತಿ.

ಬಯಲುಸೀಮೆಯಲ್ಲಿದ್ದ ಹಳೆಯ ನೆಲೆ

ಗುರು-ಶಿಷ್ಯರ ನಡುವಿನ ಶೀಲದ ಮಾತು ಈ ಸೀಮೆಗೆ ಹೊರಗಿನಿಂದ ಬಂದ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ತಂದೆತಾಯಿಗೆ ವಿಧೇಯತೆ, ಜೀವಿಗಳಲ್ಲಿ ದಯೆ ಮತ್ತು ಸತ್ಯವಚನದ ಜೊತೆಗೆ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿಯೂ ಅವುಗಳಲ್ಲಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಶಿಷ್ಯಧರ್ಮವನ್ನು ಇಲ್ಲಿನ ಬಂಡೆಗಳ ಮೇಲೆ ಕೊರೆಯಲಾಗಿತ್ತು.

ದೇಹಸಾಧನೆಗೆ ಗರಡಿಮನೆಯ ಪರಂಪರೆಯಿತ್ತು. ಚಿತ್ರದುರ್ಗದ ಪಾಳೆಯಗಾರರು ಪೋಷಿಸಿದ ಕುಸ್ತಿ ಈ ಸೀಮೆಯ ಹಳ್ಳಿಗಳಲ್ಲೂ ಬೇರು ಬಿಟ್ಟಿತ್ತು. ಪೈಲ್ವಾನನು ಆಂಜನೇಯನಿಗೆ ಕೈಮುಗಿದು, ಕೆಮ್ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡು ಕಣಕ್ಕಿಳಿಯುತ್ತಾನೆ. ಊಟ, ನಿದ್ರೆ, ಮಾತು, ಸಹವಾಸ ಎಲ್ಲದರ ಮೇಲೂ ಉಸ್ತಾದನ ಕಣ್ಣಿರುತ್ತದೆ. ಭಕ್ತಿ ಮತ್ತು ಅಂಗಸಾಧನೆ ಒಂದೇ ಕಣದಲ್ಲಿರುವುದನ್ನು ಕಂಡ ಜನರಿಗೆ ಕ್ರೈಸ್ತ ತರಬೇತುದಾರರ ಮಾತು ಪೂರ್ತಿ ಅಪರಿಚಿತವಾಗಿ ಕೇಳಿಸಲಿಲ್ಲ. ಅದು ತಂದ ಹೊಸತು ಬೇರೆ: ತಂಡವಾಗಿ ಆಡುವ ಆಟ, ಬರೆದಿಟ್ಟ ನಿಯಮ, ತೀರ್ಪುಗಾರನ ಮಾತಿಗೆ ಮನ್ನಣೆ.

ಧಾರ್ಮಿಕ ಆಧಾರ

ಈ ಪರಂಪರೆಯ ಬೀಜ ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿದೆ. ಸಂತ ಪೌಲನ ಪತ್ರಗಳಲ್ಲಿ ಓಟಗಾರ, ಮುಷ್ಟಿಕಾಳಗದವ, ಜಯಮಾಲೆಗಳ ರೂಪಕಗಳು ಮತ್ತೆ ಮತ್ತೆ ಬರುತ್ತವೆ. ಗ್ರೀಕ್ ಕ್ರೀಡಾಕೂಟಗಳನ್ನು ಬಲ್ಲ ಓದುಗರಿಗೆ ಆತ ಸಂಯಮವನ್ನು ಅವುಗಳ ಮೂಲಕ ವಿವರಿಸಿದ. ದೇಹ ಪವಿತ್ರಾತ್ಮದ ಆಲಯ ಎಂಬ ಮಾತೂ ಅವನದೇ. ಒಡೆಯನು ವಹಿಸಿದ ಹಣವನ್ನು ಹೂತಿಡದೆ ಬೆಳೆಸಬೇಕೆಂಬ ಯೇಸುವಿನ ಸಾಮತಿ ಇನ್ನೊಂದು ಆಧಾರ.

ಇವುಗಳಿಂದ ತರಬೇತುದಾರನಿಗೆ ನಾಲ್ಕು ಕರ್ತವ್ಯಗಳು ಒದಗಿದವು. ದೇಹ ದೇವರದಾದ್ದರಿಂದ ಅದನ್ನು ಹಾಳುಮಾಡುವ ತರಬೇತಿ ತಪ್ಪು. ಪ್ರತಿಭೆ ವರವಾಗಿ ಬಂದದ್ದು, ಆದ್ದರಿಂದ ಗೆದ್ದವನಿಗೆ ಅಹಂಕಾರ ಸಲ್ಲದು. ಎದುರಾಳಿಯೂ ದೇವರ ಸೃಷ್ಟಿ, ಅವನನ್ನು ಗಾಯಗೊಳಿಸಿ ಗೆದ್ದರೆ ಅದು ಗೆಲುವಲ್ಲ. ತಪ್ಪಿದವನಿಗೆ ಕ್ಷಮೆಯುಂಟು, ಆದ್ದರಿಂದ ಸೋತ ಹುಡುಗನನ್ನು ಹೀಯಾಳಿಸಿ ಹೊರಗಟ್ಟಬಾರದು.

ರಗ್ಬಿಯಿಂದ ಬೆಂಗಳೂರಿಗೆ

ಥಾಮಸ್ ಆರ್ನಲ್ಡ್ 1828ರಿಂದ 1842ರವರೆಗೆ ಇಂಗ್ಲೆಂಡಿನ ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ಧಾರ್ಮಿಕ, ನೈತಿಕ ತತ್ತ್ವಗಳಿಗೆ ಅಲ್ಲಿ ಅವರು ಮೊದಲ ಸ್ಥಾನ ಕೊಟ್ಟರು. ಆಟಗಳ ಮೇಲೆ ಅವರಿಗೆ ಅಷ್ಟು ಒಲವಿರಲಿಲ್ಲ. ಅವರ ಶಿಷ್ಯ ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಕಾದಂಬರಿಯು ಮೈದಾನವನ್ನೂ ಪ್ರಾರ್ಥನಾಮಂದಿರವನ್ನೂ ಒಂದಾಗಿಸಿತು. ಹ್ಯೂಸ್ ಮತ್ತು ಚಾರ್ಲ್ಸ್ ಕಿಂಗ್ಸ್ಲಿಯವರ ಈ ವಿಚಾರಕ್ಕೆ ‘ಬಲಿಷ್ಠ ಕ್ರೈಸ್ತತ್ವ’ ಎಂಬರ್ಥದ ಹೆಸರು ಬಿತ್ತು.

ಆ ಕಾದಂಬರಿಯ ಕಿರಿಯ ಉಪಾಧ್ಯಾಯನ ಪಾತ್ರಕ್ಕೆ ಮಾದರಿಯಾದವರು ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್. ಅವರು 1852ರಲ್ಲಿ ಮಾರ್ಲ್‌ಬರೊ ಶಾಲೆಯ ಮುಖ್ಯಸ್ಥರಾದಾಗ ಅದು ವಿದ್ಯಾರ್ಥಿಗಳ ದಂಗೆಯಿಂದ ಕಂಗೆಟ್ಟಿತ್ತು. ಹುಡುಗರು ಬಿಡುವಿನಲ್ಲಿ ಊರಾಚೆ ಅಲೆದು ಕಿಡಿಗೇಡಿತನಕ್ಕಿಳಿಯುವುದನ್ನು ತಡೆಯಲು ಕಾಟನ್ ಕ್ರಮಬದ್ಧ ಪಂದ್ಯಗಳನ್ನು ಬೆಳೆಸಿದರು. ಉಪಾಧ್ಯಾಯರೂ ಹುಡುಗರೊಂದಿಗೆ ಆಡಲು ಇಳಿದರು. ಶಿಸ್ತಿಗಾಗಿ ಆಟವನ್ನು ಯೋಚಿಸಿ ಬಳಸಿದ ಮೊದಲ ಮುಖ್ಯೋಪಾಧ್ಯಾಯರಲ್ಲಿ ಅವರೊಬ್ಬರು. 1858ರಲ್ಲಿ ಕಲ್ಕತ್ತದ ಬಿಷಪ್ಪರಾಗಿ ಬಂದ ಅವರು 1866ರಲ್ಲಿ ನದಿಯಲ್ಲಿ ಮುಳುಗಿ ತೀರಿಕೊಂಡರು. ಬೆಂಗಳೂರಿನಲ್ಲಿ 1865ರಲ್ಲಿ ಸ್ಥಾಪನೆಯಾದ ಬಿಷಪ್ ಕಾಟನ್ ಶಾಲೆಗೆ ಇರುವುದು ಇವರದೇ ಹೆಸರು. ಆದರೆ ಅಂಥ ಶಾಲೆಗಳು ಮೊದಲಿಗೆ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗೆ ಮೀಸಲಾಗಿದ್ದವು. ಚಳ್ಳಕೆರೆಯ ರೈತನ ಮಗನಿಗೆ ಆ ಬಾಗಿಲು ತೆರೆದಿರಲಿಲ್ಲ. ಅವನಿಗೆ ಆಟ ತಲುಪಿದ್ದು ಬೇರೊಂದು ದಾರಿಯಲ್ಲಿ.

ಸ್ಪ್ರಿಂಗ್‌ಫೀಲ್ಡ್‌ನ ತ್ರಿಕೋನ

ಜಾರ್ಜ್ ವಿಲಿಯಮ್ಸ್ 1844ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ವೈ.ಎಂ.ಸಿ.ಎ. ಮೊದಲು ಪ್ರಾರ್ಥನೆ ಮತ್ತು ಬೈಬಲ್ ಅಧ್ಯಯನದ ಕೂಟವಾಗಿತ್ತು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಅದರ ತರಬೇತಿ ಶಾಲೆಯಲ್ಲಿ ಲೂಥರ್ ಗುಲಿಕ್ ದೇಹ, ಮನಸ್ಸು, ಆತ್ಮಗಳ ಸಮತೋಲವನ್ನು ಸಾರುವ ತ್ರಿಕೋನವನ್ನು ಸಂಕೇತವಾಗಿ ರೂಪಿಸಿದರು. ಗುಲಿಕ್ ವಹಿಸಿದ ಕೆಲಸದಂತೆ ಅಲ್ಲಿನ ಶಿಕ್ಷಕ ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ 13 ನಿಯಮಗಳೊಂದಿಗೆ ಬ್ಯಾಸ್ಕೆಟ್‌ಬಾಲ್ ಆಟವನ್ನು ರಚಿಸಿದರು. ದೇವಶಾಸ್ತ್ರ ಓದಿದ ನೈಸ್ಮಿತ್ ಯುವಕರನ್ನು ಮೈದಾನದಲ್ಲೂ ತಿದ್ದಬಹುದೆಂದು ನಂಬಿದವರು. ಚೆಂಡು ಹಿಡಿದು ಓಡಬಾರದು, ಎದುರಾಳಿಯನ್ನು ತಳ್ಳಬಾರದು ಎಂಬ ಅವರ ನಿಯಮಗಳಲ್ಲಿ ಒರಟುತನವನ್ನು ಆಟದ ರಚನೆಯಿಂದಲೇ ತಡೆಯುವ ಉದ್ದೇಶವಿತ್ತು. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ತಂಡದ ತರಬೇತುದಾರರಾಗಿ ಅವರು ಗೆದ್ದದ್ದು 55, ಸೋತದ್ದು 60. ಆದರೂ ಆ ಆಟದ ಜನಕನೆಂಬ ಗೌರವ ಕುಂದಲಿಲ್ಲ.

ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಓದಿದ ವಿಲಿಯಂ ಮಾರ್ಗನ್ 1895ರಲ್ಲಿ ಸಮೀಪದ ಹೋಲಿಯೋಕ್ ಊರಿನ ವೈ.ಎಂ.ಸಿ.ಎ.ಯಲ್ಲಿ ವಾಲಿಬಾಲ್ ಆರಂಭಿಸಿದರು. ನಡುವೆ ಬಲೆ ಇರುವುದರಿಂದ ಮೈಗೆ ಮೈ ತಾಗದು. ಕಡಿಮೆ ಜಾಗ, ಒಂದು ಚೆಂಡು, ಎರಡು ಕಂಬ ಸಾಕು. ಈ ಸರಳತೆಯೇ ಅದನ್ನು ಜಗತ್ತಿನ ಬಡ ಹಳ್ಳಿಗಳ ಆಟವಾಗಿಸಿತು.

ಬಕ್ ಮತ್ತು ಮದರಾಸಿನ ಕಾಲೇಜು

ಬೆಳಗಾವಿ ಸೀಮೆಯ ಪಡೆಪ್ಪ ಚೌಗುಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ದೇಶದಲ್ಲಿ ಆಟಗಾರರಿದ್ದರು, ತಿದ್ದುವ ಶಿಕ್ಷಕರ ಕೊರತೆಯಿತ್ತು. ಅದೇ ವರ್ಷ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಅಮೆರಿಕನ್ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯನ್ನು ತೆರೆದರು. ಸೈದಾಪೇಟೆಯ ಬಳಿ ನೆಲೆ ಕಂಡ ಅದು ಮುಂದೆ ಕಾಲೇಜಾಗಿ ಬೆಳೆಯಿತು. ಹಿಂದೂ, ಮುಸ್ಲಿಂ, ಕ್ರೈಸ್ತ ವಿದ್ಯಾರ್ಥಿಗಳೆಲ್ಲರಿಗೂ ಅಲ್ಲಿ ಪ್ರವೇಶವಿತ್ತು. ಪಾಶ್ಚಾತ್ಯ ಆಟಗಳ ಜೊತೆ ಭಾರತೀಯ ಆಟಗಳಿಗೂ ಬಕ್ ಪಾಠಕ್ರಮದಲ್ಲಿ ಜಾಗ ಕೊಟ್ಟರು. ಮದರಾಸು ಸರ್ಕಾರಕ್ಕೆ ದೈಹಿಕ ಶಿಕ್ಷಣದ ಸಲಹೆಗಾರರೂ ಆದರು. 1943ರಲ್ಲಿ ತೀರಿಕೊಳ್ಳುವವರೆಗೂ ಅವರ ದುಡಿಮೆ ಈ ಕಾಲೇಜಿಗೇ ಮುಡಿಪಾಗಿತ್ತು.

1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತೀಯ ಅಥ್ಲೀಟುಗಳ ತಂಡಕ್ಕೆ ಬಕ್ ವ್ಯವಸ್ಥಾಪಕರಾಗಿದ್ದರು. ಅದೇ ಕೂಟದಲ್ಲಿ ಸ್ಕಾಟ್ಲೆಂಡಿನ ಎರಿಕ್ ಲಿಡ್ಡೆಲ್ ಪ್ರಾರ್ಥನೆಯ ದಿನವಾದ ಭಾನುವಾರ ಓಡಲು ಒಪ್ಪದೆ 100 ಮೀಟರ್ ಸ್ಪರ್ಧೆಯನ್ನು ಬಿಟ್ಟರು. 400 ಮೀಟರ್ ಓಟದಲ್ಲಿ 47.6 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ಮಿಷನರಿಯಾಗಿ ಚೀನಕ್ಕೆ ತೆರಳಿ, 1945ರಲ್ಲಿ ಜಪಾನೀಯರ ಬಂಧನ ಶಿಬಿರದಲ್ಲಿ ಪ್ರಾಣ ಬಿಟ್ಟರು. ಪದಕಕ್ಕಿಂತ ಮನಸ್ಸಾಕ್ಷಿ ದೊಡ್ಡದು ಎಂದು ನಡೆದು ತೋರಿಸಿದವರಲ್ಲಿ ಅವರ ಹೆಸರು ಮೊದಲ ಸಾಲಿನಲ್ಲಿದೆ.

1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾದಾಗ ದೊರಾಬ್ಜಿ ಟಾಟಾ ಅಧ್ಯಕ್ಷರಾದರು, ವೈ.ಎಂ.ಸಿ.ಎ.ಯ ಡಾ. ಎ. ಜಿ. ನೋರೆನ್ ಕಾರ್ಯದರ್ಶಿಯಾದರು. ಮದರಾಸಿನಲ್ಲಿ ಕಲಿತ ಪಿ. ಎಂ. ಜೋಸೆಫ್ 1938ರಲ್ಲಿ ಮುಂಬೈ ಪ್ರಾಂತ್ಯದ ಸರ್ಕಾರ ತೆರೆದ ಕಾಂದಿವಲಿ ತರಬೇತಿ ಸಂಸ್ಥೆಯ ಮುಖ್ಯಸ್ಥರಾದರು. ಧಾರವಾಡ, ಬೆಳಗಾವಿ ಜಿಲ್ಲೆಗಳು ಆಗ ಆ ಪ್ರಾಂತ್ಯದಲ್ಲಿದ್ದವು. 1957ರಲ್ಲಿ ಗ್ವಾಲಿಯರ್‌ನ ಲಕ್ಷ್ಮೀಬಾಯಿ ಕಾಲೇಜಿನ ಮೊದಲ ಪ್ರಾಂಶುಪಾಲರೂ ಅವರೇ.

ಚಳ್ಳಕೆರೆ, ಮೊಳಕಾಲ್ಮೂರಿನ ಮೈದಾನಗಳು

ಈ ಎರಡು ತಾಲ್ಲೂಕುಗಳು ಮೈಸೂರು ಸಂಸ್ಥಾನದ ಉತ್ತರ ಅಂಚಾಗಿದ್ದವು. ಪಕ್ಕದ ಬಳ್ಳಾರಿ, ರಾಯದುರ್ಗಗಳು 1953ರವರೆಗೆ ಮದರಾಸು ಆಡಳಿತದಲ್ಲಿದ್ದವು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದಲೇ ಕೆಲಸ ಮಾಡಿದ್ದರು, ಮುಂದೆ ಅಲ್ಲಿ ವಾರ್ಡ್ಲಾ ಶಾಲೆ ಹೆಸರಾಯಿತು. ಆದರೆ ಎಣ್ಣೆ ಗಿರಣಿಗಳ ಚಳ್ಳಕೆರೆಯಲ್ಲಿ, ರೇಷ್ಮೆ ಸೀರೆಯ ಮೊಳಕಾಲ್ಮೂರಿನಲ್ಲಿ ಆಟ ಬೆಳೆದದ್ದು ಬಹುಮಟ್ಟಿಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ. ಮಳೆ ಕಡಿಮೆಯ, ಕಲ್ಲುನೆಲದ ಈ ಸೀಮೆಗೆ ಹುಲ್ಲುಹಾಸಿನ ಆಟಗಳಿಗಿಂತ ಕಬಡ್ಡಿ, ಖೋ-ಖೋ, ವಾಲಿಬಾಲ್ ಹೊಂದಿದವು.

ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಲ್ಲಿಸುವವರು, ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದೊಯ್ಯುವವರು, ಆಟದ ಅವಧಿಯಲ್ಲಿ ವಿಷಲ್ ಊದುವವರು ಪಿ.ಟಿ. ಮೇಷ್ಟ್ರು. ಮಗ್ಗದ ಮನೆಯ ಮಗು, ಮ್ಯಾಸಬೇಡರ ಹಟ್ಟಿಯ ಮಗು, ಕಾಡುಗೊಲ್ಲರ ಹಟ್ಟಿಯ ಮಗು ಒಂದೇ ತಂಡದಲ್ಲಿ ಆಡುವುದು ಅವರ ಕೈಯಲ್ಲಿ. ಕಬಡ್ಡಿಯಲ್ಲಿ ಬೆರಳ ತುದಿ ತಾಗಿದ್ದು ಎಷ್ಟೋ ಸಲ ತೀರ್ಪುಗಾರರಿಗೆ ಕಾಣದು, ತಾಗಿಸಿಕೊಂಡವನಿಗೆ ಗೊತ್ತಿರುತ್ತದೆ. ಅವನು ತಾನಾಗಿಯೇ ಹೊರನಡೆಯುವಂತೆ ಬೆಳೆಸುವುದು ತರಬೇತಿಯ ಅತಿ ಕಷ್ಟದ ಪಾಠ. ಆ ಪಾಠ ಹೇಳುವವರು ಯಾವ ದೇವರಿಗೆ ಕೈಮುಗಿದರೂ ಪಾಠ ಒಂದೇ.

ತರಬೇತಿಯ ವಿಧಾನ

ಇಪ್ಪತ್ತನೆಯ ಶತಮಾನದಲ್ಲಿ ಈ ಪರಂಪರೆಯ ಅತಿ ಪ್ರಸಿದ್ಧ ತರಬೇತುದಾರ ಅಮೆರಿಕದ ಜಾನ್ ವುಡನ್ (1910–2010). ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ತಂಡ ಅವರ ಕೈಯಲ್ಲಿ 1964ರಿಂದ 1975ರೊಳಗೆ 10 ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಹೊಸ ಆಟಗಾರರಿಗೆ ಅವರ ಮೊದಲ ಪಾಠ ಕಾಲುಚೀಲ ಸುಕ್ಕಿಲ್ಲದಂತೆ ಹಾಕಿಕೊಂಡು ಬೂಟಿನ ದಾರ ಕಟ್ಟುವುದು. ಸುಕ್ಕು ಬೊಬ್ಬೆಯಾಗುತ್ತದೆ, ಬೊಬ್ಬೆ ಅಭ್ಯಾಸ ತಪ್ಪಿಸುತ್ತದೆ. ಶ್ರಮ, ಗೆಳೆತನ, ನಿಷ್ಠೆ, ಸಹಕಾರ, ಉತ್ಸಾಹಗಳನ್ನು ತಳಪಾಯವಾಗಿಟ್ಟ ‘ಯಶಸ್ಸಿನ ಪಿರಮಿಡ್’ ಅವರ ಬೋಧನೆಯ ಸಾರ. ಸ್ವತಃ ಬೈಬಲ್ ಓದುತ್ತಿದ್ದ ಶ್ರದ್ಧಾವಂತರಾದರೂ ತಮ್ಮ ಮತವನ್ನು ಅವರು ಆಟಗಾರರ ಮೇಲೆ ಹೇರಲಿಲ್ಲ. ಡಾನ್ ಮ್ಯಾಕ್ಲಾನನ್ 1954ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ ಕ್ರೈಸ್ತ ಕ್ರೀಡಾಪಟುಗಳ ಸಂಘ ಬೇರೆ ದಾರಿ ಹಿಡಿದು, ತರಬೇತುದಾರರ ಮೂಲಕ ಧರ್ಮಬೋಧೆಯನ್ನೂ ನೇರವಾಗಿ ಕೈಗೊಂಡಿತು.

ಟೀಕೆ ಮತ್ತು ಮಿತಿ

ವಸಾಹತು ಕಾಲದಲ್ಲಿ ಶೀಲದ ಮಾತಿನ ಹಿಂದೆ ಆಳುವವರ ಗರ್ವವೂ ಇತ್ತು. ಭಾರತೀಯರು ದುರ್ಬಲರು, ಅವರಿಗೆ ಗಂಡಸುತನ ಕಲಿಸಬೇಕು ಎಂಬ ಧೋರಣೆ ಅನೇಕ ಮಿಷನರಿ ಶಿಕ್ಷಕರಲ್ಲಿತ್ತು. ಶ್ರೀನಗರದ ಮಿಷನ್ ಶಾಲೆಯಲ್ಲಿ ಸೆಸಿಲ್ ಟಿಂಡೇಲ್-ಬಿಸ್ಕೊ 1891ರಲ್ಲಿ, ಚರ್ಮದ ಚೆಂಡನ್ನು ಮೈಲಿಗೆಯೆಂದು ಮುಟ್ಟದ ಹುಡುಗರನ್ನು ಬಲವಂತವಾಗಿ ಫುಟ್‌ಬಾಲ್ ಆಡಿಸಿದರು. ಆ ಘಟನೆ ಅಸ್ಪೃಶ್ಯತೆಯ ಗೋಡೆಗೆ ಏಟು ಕೊಟ್ಟದ್ದು ನಿಜ, ಮಕ್ಕಳ ಮನಸ್ಸಿನ ಮೇಲೆ ನಡೆದ ಬಲಾತ್ಕಾರವೂ ನಿಜ. ದೇಹಸಾಧನೆಯಿಂದ ಶೀಲ ಬೆಳೆಸಲು ಒಂದೇ ಧರ್ಮ ಬೇಕಿಲ್ಲವೆಂಬುದಕ್ಕೆ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ ಸೂರ್ಯನಮಸ್ಕಾರವನ್ನೂ ಆಧುನಿಕ ಅಂಗಸಾಧನೆಯನ್ನೂ ಬೆಸೆದ ಕೆ. ವಿ. ಅಯ್ಯರ್ ಸಾಕ್ಷಿ.

ತಂಡಕ್ಕೆ ಯಾರನ್ನು ಆರಿಸಬೇಕೆಂಬುದು ತರಬೇತುದಾರನ ಕೈಯಲ್ಲಿರುತ್ತದೆ. ಆದ್ದರಿಂದ ಆತನ ಪ್ರಾರ್ಥನೆಯ ಕರೆ ಮಗುವಿಗೆ ಆಜ್ಞೆಯಂತೆ ಕೇಳಿಸಬಹುದು. ಪಂದ್ಯದ ನಂತರ ಮೈದಾನದ ನಡುವೆ ಪ್ರಾರ್ಥಿಸುತ್ತಿದ್ದ ಶಾಲಾ ತರಬೇತುದಾರ ಜೋಸೆಫ್ ಕೆನಡಿ ಅವರ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟ್ 2022ರಲ್ಲಿ 6–3 ಬಹುಮತದಿಂದ ಎತ್ತಿಹಿಡಿಯಿತು. ಭಿನ್ನಮತದ ನ್ಯಾಯಮೂರ್ತಿಗಳು ವಿದ್ಯಾರ್ಥಿಗಳ ಮೇಲಿನ ಒತ್ತಡದ ಪ್ರಶ್ನೆ ಎತ್ತಿದರು. ಭಾರತದ ಸಂವಿಧಾನದ 25ನೆಯ ವಿಧಿ ಪ್ರತಿಯೊಬ್ಬರಿಗೂ ಧಾರ್ಮಿಕ ಸ್ವಾತಂತ್ರ್ಯ ಕೊಡುತ್ತದೆ. 28ನೆಯ ವಿಧಿಯಂತೆ ಪೂರ್ತಿ ಸರ್ಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಸಲ್ಲದು, ಅನುದಾನಿತ ಶಾಲೆಯಲ್ಲಿ ಯಾರನ್ನೂ ಅದಕ್ಕೆ ಒತ್ತಾಯಿಸುವಂತಿಲ್ಲ.

ಇಂದಿನ ನೆಲೆ

ಕರ್ನಾಟಕದಲ್ಲಿ ಈ ಪರಂಪರೆ ಈಗ ಹೆಚ್ಚಾಗಿ ಸೇವೆಯ ರೂಪದಲ್ಲಿ ಉಳಿದಿದೆ. ಭಾರತ ಹಾಕಿ ತಂಡದ ಮಾಜಿ ನಾಯಕ, ಬೆಂಗಳೂರಿನ ಜೂಡ್ ಫೆಲಿಕ್ಸ್ 2009ರಲ್ಲಿ ಹಾಕಿ ಅಕಾಡೆಮಿ ಆರಂಭಿಸಿ ಅನಾಥ ಮತ್ತು ಬಡ ಮಕ್ಕಳಿಗೆ ತರಬೇತಿ ಕೊಟ್ಟರು. ಅವರಿಗೆ 2020ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಸಂದಿತು. ರಾಜ್ಯದ ಕ್ರೈಸ್ತ ವಿದ್ಯಾಸಂಸ್ಥೆಗಳ ಮೈದಾನಗಳಲ್ಲಿ ಎಲ್ಲ ಧರ್ಮದ ಮಕ್ಕಳೂ ಆಡುತ್ತಾರೆ.

ಈ ಪರಂಪರೆಯನ್ನು ಅಳೆಯಬೇಕಾದ್ದು ಅದು ಗೆದ್ದ ಕಪ್ಪುಗಳಿಂದಲ್ಲ, ಮತ ಬದಲಿಸಿದವರ ಎಣಿಕೆಯಿಂದಂತೂ ಅಲ್ಲ. ನಂಬಿಕೆಯು ತರಬೇತುದಾರನನ್ನು ತಾಳ್ಮೆಯವನನ್ನಾಗಿ, ಪಕ್ಷಪಾತವಿಲ್ಲದವನನ್ನಾಗಿ ಮಾಡಿದ ಕಡೆಯೆಲ್ಲ ಅದು ಮಕ್ಕಳನ್ನು ಬೆಳೆಸಿದೆ. ನಂಬಿಕೆಯೇ ಮಕ್ಕಳ ಮೇಲಿನ ಹೊರೆಯಾದ ಕಡೆ ಆಟವೂ ಕೆಟ್ಟಿದೆ, ನಂಬಿಕೆಯೂ ಕೆಟ್ಟಿದೆ. ಚಳ್ಳಕೆರೆ, ಮೊಳಕಾಲ್ಮೂರಿನ ಶಾಲೆಗಳಿಗೆ ಈ ಇತಿಹಾಸದಿಂದ ಸಿಗುವ ಬೇಡಿಕೆಯೂ ಸರಳ: ಪ್ರತಿ ಶಾಲೆಗೆ ತರಬೇತಿ ಪಡೆದ ದೈಹಿಕ ಶಿಕ್ಷಣ ಶಿಕ್ಷಕ, ಆಡಲು ಯೋಗ್ಯವಾದ ಬಯಲು, ತಂಡದಲ್ಲಿ ಎಲ್ಲ ಹಟ್ಟಿ ಕೇರಿಗಳ ಮಕ್ಕಳಿಗೂ ಸಮನಾದ ಜಾಗ.